ಮಾಮೂಲಿ ಹಿಟ್ಟಿನ ಜಗಳ

"ಇದು ಹಿಟ್ಟೇನ್ರೀ? ಇದಕ್ಕೆ ಹಿಟ್ಟು ಅಂತಾರಾ? ಗೋಡೆಗೆ ಬಳಿಯೋ ಸುಣ್ಣ ಇದಕ್ಕಿಂತ ಮೆತ್ತಗಿರುತ್ತೆ!"

ಸ್ಟೀಲಿನ ದೊಡ್ಡ ಡಬ್ಬಿಯನ್ನು ಹಿಟ್ಟಿನ ಗಿರಣಿಯ ತಕ್ಕಡಿಯ ಮೇಲೆ ಧಡ್ ಅಂತ ಕುಕ್ಕಿ ಅವಳು ಸೊಂಟದ ಮೇಲೆ ಕೈಯಿಟ್ಟು ನಿಂತಳು. ಸಾಲಿನಲ್ಲಿದ್ದ ನಾಲ್ಕು ಜನ ತಂತಮ್ಮ ಚೀಲ ಎದೆಗವಚಿಕೊಂಡು ಒಂದು ಹೆಜ್ಜೆ ಹಿಂದೆ ಸರಿದರು. ಅವರಿಗೆ ಇದು ಹೊಸದಲ್ಲ. ಎರಡು ತಿಂಗಳಿಂದ ಪ್ರತಿ ಸೋಮವಾರವೂ ಇದೇ ನಡೆಯುತ್ತಿತ್ತು.

ಗಿರಣಿಯವನು ತಲೆಯೆತ್ತಿದ. ತಲೆಗೂದಲು, ರೆಪ್ಪೆ, ಹುಬ್ಬು ಎಲ್ಲವೂ ಹಿಟ್ಟಿನಿಂದ ಬೆಳ್ಳಗಾಗಿದ್ದವು. ತನ್ನ ಮನೆಯಲ್ಲಿ ಅವಳು ಅವನಿಗೆ ಇಟ್ಟಿದ್ದ ಹೆಸರೇ 'ಬಿಳಿಹುಬ್ಬು'.

"ಮೆಲ್ಲಗೆ, ಡಬ್ಬಿ ಮೇಡಂ. ತಕ್ಕಡಿ ಕೆಟ್ರೆ ನೀವು ಸರಿಮಾಡಿಸಿಕೊಡ್ತೀರಾ?"

ಡಬ್ಬಿ ಮೇಡಂ! ಅವಳ ಮೂಗು ಕೆಂಪಾಯಿತು. ಕೋಪ ಬಂದರೆ ಅವಳಿಗೆ ಮೊದಲು ಕೆಂಪಾಗುವುದು ಮೂಗೇ. ಮುಚ್ಚಳ ತೆಗೆದು ಒಂದು ಚಪಾತಿಯನ್ನು ಅವನ ಮೂತಿಗೆ ಹಿಡಿದಳು.

"ಬೆಳಗ್ಗೆ ಆರಕ್ಕೆ ಮಾಡಿದ್ದು. ಈಗ ಎರಡು ಗಂಟೆ. ನೋಡಿ ಹೇಗಾಗಿದೆ!"

ಅವನು ಚಪಾತಿಯನ್ನು ಮಡಿಸಿದ. ಅದು ಟಕ್ ಅಂತ ಮುರಿಯಿತು. ಅವನ ಬಾಯಿಯ ಒಂದು ಮೂಲೆಯಲ್ಲಿ ನಗು ಬಂತು. ಅಯ್ಯೋ, ಆ ನಗು ಬರಬಾರದಿತ್ತು!

"ಇದರಲ್ಲಿ ಹಿಟ್ಟಿನ ತಪ್ಪಿಲ್ಲ ಕಣ್ರೀ. ತಪ್ಪೆಲ್ಲಾ ಕೈಯದು."

"ಕೈಯದಾ? ನಮ್ಮಮ್ಮ ಹದಿನೆಂಟು ವರ್ಷ ಇದೇ ಗಿರಣಿ ಹಿಟ್ಟಲ್ಲಿ ಹೂವಿನ ಹಾಗೆ ಚಪಾತಿ ಮಾಡಿದ್ರು! ನಿಮ್ಮ ತಂದೆ ಗಿರಣೀಲಿ ಇರೋವರೆಗೂ ಸರಿಯಾಗಿತ್ತು. ನೀವು ಬಂದ್ರಿ, ಎಲ್ಲಾ ಕೆಟ್ಟೋಯ್ತು!"

"ಹಾಗಾದ್ರೆ ಹೋಗಿ ನಿಮ್ಮಮ್ಮನ್ನೇ ಕೇಳಿ, ಹೇಗೆ ಮಾಡ್ಬೇಕು ಅಂತ."

ಅವಳು ಅವನ ಕೈಯಿಂದ ಚಪಾತಿಯ ಚೂರು ಕಸಿದು ಡಬ್ಬಿಗೆ ಹಾಕಿದಳು. ಸಾಲಿನಲ್ಲಿದ್ದ ಒಬ್ಬ ಹೆಂಗಸು ಕೆಮ್ಮಿದಳು. ಅವನಿಗೆ ಏನೂ ಅರ್ಥವಾಗಲಿಲ್ಲ, ಪಾಪ. ಸಾಲು ಕಾಯುತ್ತಿತ್ತು. ಅವನು ಸ್ವಿಚ್ ಒತ್ತಿದ.

ಮೋಟಾರು ಗುಡುಗಿತು. ಬೆಲ್ಟು ಪಟಪಟ ಬಡಿಯಿತು. ಆ ಸದ್ದಿನ ನಡುವೆ ಅವನು ಅವಳ ಕಡೆ ತಿರುಗಿ, ಅಂಗೈ ಬೀಸಿ ಬೀಸಿ ಏನೋ ಕೂಗಿದ. ಅವಳ ಕಿವಿಗೆ ಬಿದ್ದದ್ದು ಎರಡೇ ಮಾತು.

"ಚಪಾತಿ... ... ... ಬಿಟ್ಟುಬಿಡಿ!"

ಚಪಾತಿ ಮಾಡೋದೇ ಬಿಟ್ಟುಬಿಡು ಅಂತಾನಾ! ನಾಲ್ಕು ಜನರ ಎದುರಿಗೆ!

ಡಬ್ಬಿ ಕಿತ್ತುಕೊಂಡು ಅವಳು ಸರಸರ ಹೊರಟಳು. ಬೀದಿಯ ತಿರುವು ದಾಟುವವರೆಗೂ ಕಣ್ಣೀರನ್ನು ಹಲ್ಲು ಕಚ್ಚಿ ತಡೆದಳು. ಆಮೇಲೆ ತಡೆಯಲಿಲ್ಲ.

*

ಅವಳ ಅಮ್ಮ ತೀರಿಕೊಂಡು ನಾಲ್ಕು ತಿಂಗಳಾಗಿತ್ತು.

ಎರಡು ಬೀದಿ ಆಚೆ ಹಿರಿಯರ ಊಟದ ಮನೆ ಒಂದಿದೆ. ನಲವತ್ತು ಜನ ಮುದುಕರು, ಮುದುಕಿಯರು ಅಲ್ಲಿ ಮಧ್ಯಾಹ್ನ ಉಣ್ಣುತ್ತಾರೆ. ಅರ್ಧ ಜನಕ್ಕೆ ಹಲ್ಲಿಲ್ಲ, ಇನ್ನರ್ಧ ಜನಕ್ಕೆ ಕಟ್ಟಿಸಿದ ಹಲ್ಲು. ಅವರಿಗೆ ದಿನಾ ನೂರಿಪ್ಪತ್ತು ಚಪಾತಿ ಅವಳ ಮನೆಯ ಅಡುಗೆಮನೆಯಿಂದಲೇ ಹೋಗುತ್ತಿತ್ತು. ಬೆಳಗ್ಗೆ ಬೇಯಿಸಿದರೂ ಅಮ್ಮನ ಚಪಾತಿ ಮಧ್ಯಾಹ್ನ ಎರಡು ಬೆರಳಲ್ಲಿ ಹರಿಯುತ್ತಿತ್ತು.

ಅಮ್ಮ ಹೋದ ಮೇಲೆ ಅದೇ ತವಾ, ಅದೇ ಲಟ್ಟಣಿಗೆ ಇವಳ ಕೈಗೆ ಬಂತು. ಜೊತೆಗೆ ಚಿಕ್ಕಮ್ಮ, ಅಮ್ಮನ ತಂಗಿ. ಚಿಕ್ಕಮ್ಮನ ಕೈ ನಿಧಾನ, ಬಾಯಿ ಮಾತ್ರ ಚುರುಕು. ಮೊದಲ ಎರಡು ತಿಂಗಳು ಹೇಗೋ ನಡೆಯಿತು. ಆಮೇಲೆ ಗಿರಣಿ ನಡೆಸುತ್ತಿದ್ದ ಮುದುಕರು ಮಂಡಿನೋವು ಅಂತ ಮನೆಯಲ್ಲಿ ಕೂತರು, ಮಗ ಬಂದ. ಚಪಾತಿ ಚರ್ಮವಾಯಿತು.

ಅವಳು ಮನೆಗೆ ಬಂದಾಗ ಊಟದ ಮನೆಯ ಮೇಲ್ವಿಚಾರಕಿ ನಡುಮನೆಯಲ್ಲೇ ಕೂತಿದ್ದರು.

"ನೋಡಮ್ಮ, ನನಗೂ ಬೇಜಾರೇ. ನಿಮ್ಮಮ್ಮನ ಮುಖ ನೋಡ್ಕೊಂಡು ಇಷ್ಟು ದಿನ ಸುಮ್ಮನಿದ್ದೆ. ಇವತ್ತು ನಮ್ಮಲ್ಲಿ ಉಣ್ಣೋ ಹಲ್ಲಿಲ್ಲದ ಮೇಷ್ಟ್ರು ಚಪಾತೀನ ನೀರಲ್ಲಿ ಅದ್ದಿಕೊಂಡು ತಿಂದ್ರು. ಶನಿವಾರದವರೆಗೆ ನೋಡ್ತೀನಿ. ಶನಿವಾರವೂ ಡಬ್ಬಿ ಹೀಗೇ ಅರ್ಧ ತುಂಬಿ ವಾಪಸ್ ಬಂದ್ರೆ, ಸೋಮವಾರದಿಂದ ಫ್ಯಾಕ್ಟರಿ ಚಪಾತಿ."

ಅವರು ಹೋದ ಮೇಲೆ ಅವಳು ಅಡುಗೆಮನೆಯ ಕಟ್ಟೆಗೆ ಒರಗಿ ನಿಂತಳು.

ದಿನದಲ್ಲಿ ಆ ಒಂದೂವರೆ ಗಂಟೆ, ತವಾ ಕಾದು ಕೋಣೆಯೆಲ್ಲ ಗೋಧಿಯ ಪರಿಮಳ ತುಂಬಿದಾಗ, ಅಮ್ಮ ಪಕ್ಕದಲ್ಲೇ ಇದ್ದಾಳೆ ಅನ್ನಿಸುತ್ತಿತ್ತು. ಆ ತವಾ ತಣ್ಣಗಾದರೆ ಅಮ್ಮ ಎರಡನೇ ಸಲ ಹೋದ ಹಾಗೆ.

"ಬಿಡಲ್ಲ," ಅಂದಳು ಗಟ್ಟಿಯಾಗಿ. "ಆ ಬಿಳಿಹುಬ್ಬು ಹೇಳಿದ ಅಂತ ನಾನು ಬಿಡ್ತೀನಾ? ಸಾಯ್ಲಿ!"

"ಸಾಯೋದು ಬೇಡ ಬಿಡೇ," ಅಂದರು ಚಿಕ್ಕಮ್ಮ ಬೆಳ್ಳುಳ್ಳಿ ಬಿಡಿಸುತ್ತಾ. "ಆಮೇಲೆ ಸೋಮವಾರ ಯಾರ ಹತ್ರ ಜಗಳ ಆಡ್ತೀಯ? ಜಗಳಕ್ಕೆ ಹೋಗೋಕೂ ಒಳ್ಳೇ ಸೀರೆ ಉಟ್ಕೊಂಡು ಹೋಗ್ತೀಯಲ್ಲೇ ನೀನು."

"ಚಿಕ್ಕಮ್ಮಾ!"

*

ಮಂಗಳವಾರ ಪ್ಯಾಕೆಟ್ ಹಿಟ್ಟು ತಂದಳು. ಬೆಳ್ಳಗೆ ಹತ್ತಿಯ ಹಾಗಿತ್ತು. ಲಟ್ಟಿಸಿದರೆ ರಬ್ಬರಿನ ಹಾಗೆ ಹಿಂದಕ್ಕೆ ಓಡಿತು. ಅಂಟುತ್ತದೆ ಅಂತ ಒಣಹಿಟ್ಟು ಹಾಕಿದಳು, ಇನ್ನಷ್ಟು ಹಾಕಿದಳು. ಬೆಂದ ಮೇಲೆ ರಟ್ಟು!

ಬುಧವಾರ ಪಕ್ಕದ ಮನೆಯವರು ಹಾಲು ಹಾಕು ಅಂದರು. ಎದುರು ಮನೆಯವರು ಮೊಸರು ಅಂದರು. ಮಹಡಿ ಮೇಲಿನವರು ಬಾಳೆಹಣ್ಣು ಕಿವುಚು ಅಂದರು. ಅವಳು ಮೂರನ್ನೂ ಮಾಡಿದಳು. ಚಿಕ್ಕಮ್ಮ ಒಂದು ತುಂಡು ಬಾಯಿಗೆ ಹಾಕಿಕೊಂಡು, "ತಿಂಡಿ ಅಂದ್ರೆ ತಿಂಡಿ, ಚಪಾತಿ ಅಂದ್ರೆ ಚಪಾತಿ. ಇದು ಯಾವ ಜಾತಿಗೆ ಸೇರಿದ್ದೋ!" ಅಂದರು.

ಗುರುವಾರ ಅವಳು ಉಳಿದ ಹಿಟ್ಟಿನ ಚೀಲವನ್ನೇ ಎತ್ತಿಕೊಂಡು ಗಿರಣಿಗೆ ನುಗ್ಗಿದಳು. ಮೋಟಾರು ನಿಂತಿತ್ತು. ಬೇರೆ ಯಾರೂ ಇರಲಿಲ್ಲ. ಅವನು ಬ್ರಷ್ಷಿನಿಂದ ಬೀಸುವ ಕಲ್ಲನ್ನು ಉಜ್ಜುತ್ತಿದ್ದ.

"ಇವತ್ತು ಸೋಮವಾರ ಅಲ್ವಲ್ಲ?" ಅಂದ.

"ಹಿಡೀರಿ ನಿಮ್ಮ ಹಿಟ್ಟು! ನನಗೆ ಬೇಡ!" ಚೀಲ ನೆಲಕ್ಕೆ ಬಿತ್ತು. ಬಿಳಿ ಮೋಡ ಎದ್ದಿತು. "ನಾನು ಕೇಳಿದ್ದೇನು? ನೀವು ಕೊಟ್ಟಿದ್ದೇನು?"

"ನೀವು ಕೇಳಿದ್ದು ಮಾಮೂಲಿ. ನಾನು ಕೊಟ್ಟಿದ್ದೂ ಮಾಮೂಲಿ."

"ಇದು ಮಾಮೂಲಿನಾ?"

"ಊರಿಗೆಲ್ಲ ಕೊಡೋದು ಇದನ್ನೇ. ಇದಕ್ಕೇ ಮಾಮೂಲಿ ಅನ್ನೋದು!"

"ನಮ್ಮಮ್ಮನ ಮಾಮೂಲಿ ಇದಲ್ಲ!"

"ಹಾಗಾದ್ರೆ ಯಾವುದು ಅಂತ ಬಾಯಿಬಿಟ್ಟು ಹೇಳ್ರೀ! ಯಾವ ಗೋಧಿ? ನುಣ್ಣಗಾ, ತರಿಯಾ? ಎಷ್ಟು ಸಲ ಬೀಸ್ಬೇಕು? ಹೇಳಿ!"

ಅವಳು ನೆಲಕ್ಕೆ ಬಿದ್ದ ಚೀಲದ ಕಡೆ ನೋಡಿದಳು.

ಅವಳಿಗೆ ಗೊತ್ತಿದ್ದರೆ ತಾನೆ? ಚಿಕ್ಕವಳಾಗಿದ್ದಾಗಿನಿಂದ ಅಮ್ಮನ ಹಿಂದೆ ಈ ಗಿರಣಿಗೆ ಬಂದಿದ್ದಳು. ಅಮ್ಮ ಬಾಗಿಲಲ್ಲಿ ನಿಂತು 'ಮಾಮೂಲಿ' ಅನ್ನುತ್ತಿದ್ದಳು. ಮುದುಕರು ತಲೆಯಾಡಿಸುತ್ತಿದ್ದರು. ಹದಿನೆಂಟು ವರ್ಷ ಇಬ್ಬರ ನಡುವೆ ಅದೊಂದೇ ಪದ ನಡೆದಿತ್ತು. ಆ ಪದದ ಒಳಗೆ ಏನಿತ್ತು ಅಂತ ಇವಳು ಒಂದು ದಿನವೂ ಕೇಳಿರಲಿಲ್ಲ.

"ಗೊತ್ತಿಲ್ಲ ಅಲ್ವಾ?" ಅವನ ದನಿ ಇನ್ನೂ ಕಾದಿತ್ತು. "ಇಷ್ಟು ಕೂಗಾಡೋ ಬದಲು ನಿಮ್ಮಮ್ಮನ್ನ ಒಂದ್ಸಲ ಕರ್ಕೊಂಡ್ ಬನ್ನಿ. ನಾನೇ ಕೇಳ್ತೀನಿ."

"ಅವರು ತೀರಿಕೊಂಡು ನಾಲ್ಕು ತಿಂಗಳಾಯ್ತು."

ಅವನ ಕೈಯಲ್ಲಿದ್ದ ಬ್ರಷ್ ಹಾಗೇ ನಿಂತಿತು.

"ಕೇಳೋ ಹಾಗಿದ್ದಿದ್ರೆ..." ಅವಳು ಸೆರಗಿನಿಂದ ಮೂಗು ಒರೆಸಿಕೊಂಡಳು. "ಕೇಳೋ ಹಾಗಿದ್ದಿದ್ರೆ ನಿಮ್ಮಂಥವರ ಬಾಗಿಲಿಗೆ ಯಾಕೆ ಬರ್ತಿದ್ದೆ? ಶನಿವಾರವೂ ಡಬ್ಬಿ ವಾಪಸ್ ಬಂದ್ರೆ ಅದೇ ಕೊನೆ. ಆಮೇಲೆ ಬರಲ್ಲ. ನೀವು ಹೇಳಿದ ಹಾಗೇ ಆಗುತ್ತೆ. ಸಂತೋಷ ಪಡಿ!"

ಅವನು ಏನೋ ಹೇಳಲು ಬಂದ. ಕೇಳಿಸಿಕೊಳ್ಳಲು ಅವಳು ಅಲ್ಲಿರಲಿಲ್ಲ.

*

ಶನಿವಾರ ಬೆಳಗ್ಗೆ ಐದಕ್ಕೆ ಬಾಗಿಲು ಬಡಿದ ಸದ್ದು. ಚಿಕ್ಕಮ್ಮ ಗೊಣಗುತ್ತಾ ತೆರೆದರು.

"ಯಾರಪ್ಪ ಇದು, ಬೆಳಗಾಗೋಕ್ಮುಂಚೆ?"

"ಗಿರಣಿಯವನು."

ಅಡುಗೆಮನೆಯಿಂದ ಬಂದ ಅವಳು ಬಾಗಿಲಲ್ಲೇ ನಿಂತಳು. ಹೆಗಲ ಮೇಲೆ ಬಟ್ಟೆಯ ಚೀಲ ಹೊತ್ತು ಅವನೇ ನಿಂತಿದ್ದ. ಆದರೆ ಮುಖ ತೊಳೆದಿದ್ದ.

ಅಯ್ಯೋ... ಇವನ ಹುಬ್ಬು ಕಪ್ಪಗಿದೆ!

ಎರಡು ತಿಂಗಳು ಜಗಳವಾಡಿದವನ ಮುಖವನ್ನು ಅವಳು ಇವತ್ತೇ ಮೊದಲು ನೋಡಿದಳು. ನೋಡಿದ್ದಕ್ಕೆ ತನ್ನ ಮೇಲೇ ಸಿಟ್ಟು ಬಂತು.

"ಏನು ಬೇಕು?"

"ಏನೂ ಬೇಡ. ಕೊಡೋಕೆ ಬಂದೆ. ನಿಮ್ಮಮ್ಮನ ಮಾಮೂಲಿ."

ಚೀಲ ಇಳಿಸಿ ಅವನು ಒಂದೇ ಉಸಿರಿಗೆ ಹೇಳಿದ. ಅವಳು ಬಿಸಾಕಿ ಹೋದ ಹಿಟ್ಟನ್ನು ಮನೆಗೆ ಒಯ್ದು ಅಪ್ಪನ ಅಂಗೈಗೆ ಹಾಕಿದ್ದ. ಗಿರಣಿಯ ಸದ್ದಿನಲ್ಲೇ ಬದುಕು ಕಳೆದ ಅಪ್ಪನಿಗೆ ಈಗ ಕಿವಿ ಕೇಳುವುದಿಲ್ಲ. ಆದರೆ ಅವರು ಹಿಟ್ಟನ್ನು ಹೆಬ್ಬೆರಳಿಂದ ಉಜ್ಜಿ ನೋಡಿ, 'ಇದು ಆ ಅಮ್ಮಂದಲ್ಲ' ಅಂದರಂತೆ.

"ಇನ್ನುಳಿದಿದ್ದನ್ನ ಕೇಳಿ ತಿಳಿಯೋಕೆ ಎರಡು ಗಂಟೆ ಕೂಗಾಡಿದೀನಿ. ನನ್ನ ಗಂಟಲು ನೋಡಿ, ಹೇಗಾಗಿದೆ. ಗುಂಡು ಗೋಧಿ ಎರಡು ಪಾಲು, ಉದ್ದ ಗೋಧಿ ಒಂದು ಪಾಲು. ಕಲ್ಲು ಬಿಗಿ ಮಾಡಬಾರದು, ಬಿಗಿ ಮಾಡಿದ್ರೆ ಹಿಟ್ಟು ಸುಡುತ್ತೆ. ಸಡಿಲ ಬಿಟ್ಟು ಎರಡು ಸಲ ಬೀಸ್ಬೇಕು. ಬಿಸಿ ಇರೋವಾಗಲೇ ಕಟ್ಟಬಾರದು, ಚೀಲದೊಳಗೇ ಬೆವರುತ್ತೆ. ಬಟ್ಟೆ ಮೇಲೆ ಹರಡಿ ಆರಿಸ್ಬೇಕು. ನಾನು ಇದ್ಯಾವುದನ್ನೂ ಮಾಡ್ತಿರಲಿಲ್ಲ. ತಪ್ಪು ನಂದೇ."

ಅವಳಿಗೆ ಗೆದ್ದ ಹಾಗಾಗಬೇಕಿತ್ತು. ಆಗಲಿಲ್ಲ.

"ಮತ್ತೆ..." ಅವನು ಚೀಲದ ಗಂಟನ್ನೇ ನೋಡುತ್ತಾ ಅಂದ, "ಅಮ್ಮನ್ನ ಕೇಳಿ ಅಂದಿದ್ದೆ. ನನಗೆ ಗೊತ್ತಿರಲಿಲ್ಲ. ಕ್ಷಮಿಸಿ."

"ಒಳಗೆ ಬಾಪ್ಪ," ಅಂದರು ಚಿಕ್ಕಮ್ಮ. "ಹೊಸಿಲ ಮೇಲೆ ನಿಂತು ಎಷ್ಟು ಅಂತ ಕ್ಷಮೆ ಕೇಳ್ತೀಯ?"

ಅವಳು ಹಿಟ್ಟು ಜರಡಿ ಹಿಡಿದಳು. ಉಪ್ಪು ಹಾಕಿ, ಉಗುರುಬೆಚ್ಚಗಿನ ನೀರು ಬಿಟ್ಟು ಕಲಸತೊಡಗಿದಳು.

"ನೀರು ಸಾಲದು."

"ನನಗೆ ಗೊತ್ತು!"

"ಈ ಹಿಟ್ಟು ಜಾಸ್ತಿ ನೀರು ಕುಡಿಯುತ್ತೆ. ಇನ್ನೂ ಸ್ವಲ್ಪ ಬಿಡಿ. ಕೈಗೆ ಅಂಟೀತು ಅಂತ ಹೆದರಬೇಡಿ."

"ಚಪಾತಿ ಮಾಡಿದೋರ ಹಾಗೆ ಮಾತಾಡ್ತೀರಲ್ಲ!"

"ಮಾಡ್ತೀನಿ. ಮನೇಲಿ ನಾವಿಬ್ರೇ. ಅಪ್ಪನಿಗೂ ಹಲ್ಲಿಲ್ಲ."

ಅವಳು ಇನ್ನೊಂದು ಲೋಟ ನೀರು ಬಿಟ್ಟು ಕೈ ಸೋಲುವವರೆಗೂ ನಾದಿದಳು. ಕೊನೆಗೆ ಒಂದು ಚಮಚ ಎಣ್ಣೆ. ನಾದಿದ ತಕ್ಷಣ ಎಂದಿನಂತೆ ಉಂಡೆ ಕಟ್ಟಲು ಕೈ ಹಾಕಿದಳು. ಅವನು ಒದ್ದೆ ಬಟ್ಟೆಯನ್ನು ಹಿಟ್ಟಿನ ಪರಾತದ ಮೇಲೆ ಹೊದಿಸಿ ಅಡ್ಡ ಬಂದ.

"ಬಿಟ್ಟುಬಿಡಿ."

ಅಷ್ಟೇ! ಅವಳ ಮೂಗು ಕೆಂಡವಾಯಿತು.

"ಮತ್ತೆ ಅದೇ ಮಾತಾ! ನಮ್ಮನೆ ಒಳಗೇ ನಿಂತ್ಕೊಂಡು! ಸೋಮವಾರ ಎಲ್ಲರ ಎದುರಿಗೆ ಅಂದ್ರಿ, ಚಪಾತಿ ಮಾಡೋದು ಬಿಟ್ಟುಬಿಡಿ ಅಂತ. ಐದು ದಿನ ನಾನು ನಿದ್ದೆ ಮಾಡಿಲ್ಲ, ಗೊತ್ತಾ ನಿಮಗೆ?"

"ನಾನಾ? ಮಾಡೋದು ಬಿಟ್ಟುಬಿಡಿ ಅಂದ್ನಾ?" ಅವನು ಬಾಯಿ ಬಿಟ್ಟುಕೊಂಡು ನಿಂತ. "ಚಪಾತಿ ಹಿಟ್ಟು ಕಲಸಿದ್ಮೇಲೆ ಅರ್ಧ ಗಂಟೆ ಬಿಟ್ಟುಬಿಡಿ ಅಂದೆ ಕಣ್ರೀ! ಮೋಟಾರ್ ಸದ್ದಲ್ಲಿ ಗಂಟಲು ಹರ್ಕೊಂಡು ಹೇಳಿದೀನಿ!"

ಚಿಕ್ಕಮ್ಮ ನಕ್ಕರು. ಹೊಟ್ಟೆ ಹಿಡಿದುಕೊಂಡು, ಕಣ್ಣಲ್ಲಿ ನೀರು ಬರುವ ಹಾಗೆ ನಕ್ಕರು.

"ಅರ್ಧ ಗಂಟೆ ಯಾಕೆ ಬಿಡ್ಬೇಕು?" ಅವಳ ದನಿ ಸಣ್ಣದಾಗಿತ್ತು. ಸೋಲು ಒಪ್ಪಲು ಮನಸ್ಸಿಲ್ಲ. "ಸುಮ್ನೆ ಹೊತ್ತು ಹಾಳು."

"ನೀರು ಒಳಗೆ ಇಳೀಬೇಕಲ್ವಾ? ನಾದಿದ ತಕ್ಷಣ ಹಿಟ್ಟು ಬಿಗಿದುಕೊಂಡಿರುತ್ತೆ. ಆಗ ಲಟ್ಟಿಸಿದ್ರೆ ಹಿಂದಕ್ಕೆ ಎಳೆಯುತ್ತೆ. ಅಪ್ಪನ ಹಿಟ್ಟಿರೋವರೆಗೆ ನಿಮ್ಮ ಅವಸರ ಮುಚ್ಚಿಹೋಗ್ತಿತ್ತು. ನನ್ನ ಹಿಟ್ಟು ಬಂತು, ಎರಡೂ ಸೇರಿ ಕೆಡ್ತು."

"ಹಾಗಾದ್ರೆ ಅಕ್ಕನೂ ಬಿಡ್ತಿದ್ಲು!" ಚಿಕ್ಕಮ್ಮ ಥಟ್ಟನೆ ನಗು ನಿಲ್ಲಿಸಿದರು. "ಹಿಟ್ಟು ಮುಚ್ಚಿಟ್ಟು ನಿನ್ನ ಜಡೆ ಹಾಕೋಕೆ ಕೂರ್ತಿದ್ಲಲ್ಲೇ!"

ಅವಳು ಹಾಗೇ ನೆಲದ ಮೇಲೆ ಕುಳಿತುಬಿಟ್ಟಳು.

ಹೌದು. ದಿನಾ ಬೆಳಗ್ಗೆ ಅಮ್ಮ ಪರಾತ ಮುಚ್ಚಿ, ಕೈ ತೊಳೆದು, ಬಾಚಣಿಗೆ ಹಿಡಿದು ಕರೆಯುತ್ತಿದ್ದಳು. ಸಿಕ್ಕು ಬಿಡಿಸುತ್ತಾ, ಶಾಲೆಯ ಸುದ್ದಿ ಕೇಳುತ್ತಾ, ನಿಧಾನವಾಗಿ ಜಡೆ ಹೆಣೆಯುತ್ತಿದ್ದಳು. ದೊಡ್ಡವಳಾದ ಮೇಲೆ ಇವಳೇ, 'ನನ್ನ ತಲೆ ನಾನು ಬಾಚ್ಕೋತೀನಿ, ನಿನಗೆ ಕೆಲಸ ಇಲ್ವಾ?' ಅಂತ ಸಿಡುಕಿದ್ದೂ ಉಂಟು. ಅಮ್ಮ ನಕ್ಕು ಸುಮ್ಮನಿದ್ದಳು. ಅಮ್ಮ ಹೋದ ಮೇಲೆ ಇವಳು ಆ ಅರ್ಧ ಗಂಟೆಯನ್ನು ಉಳಿತಾಯ ಅಂದುಕೊಂಡು ತೆಗೆದುಹಾಕಿದ್ದಳು.

ಅಮ್ಮಾ... ಹೇಳಬಾರದಿತ್ತಾ!

ಅತ್ತಳು. ಅವನ ಎದುರಿಗೇ, ನಾಚಿಕೆ ಬಿಟ್ಟು ಅತ್ತಳು. ಅವನು ಹೆಗಲ ಮೇಲಿದ್ದ ಟವಲ್ ಕೊಟ್ಟ. ಅವಳು ಮುಖ ಒರೆಸಿಕೊಂಡು ತಲೆಯೆತ್ತಿದಾಗ ಚಿಕ್ಕಮ್ಮ, "ಅಯ್ಯೋ ರಾಮ!" ಅಂದರು. ಚೀಲ ಹೊತ್ತ ಟವಲ್ಲು, ತುಂಬ ಹಿಟ್ಟು!

"ಈಗ ನಿಮ್ಮ ಹುಬ್ಬೂ ಬಿಳಿ," ಅಂದ ಅವನು.

"ನಿಮಗೆ ನಾನು ಆ ಹೆಸರು ಇಟ್ಟಿದ್ದು ಯಾರು ಹೇಳಿದ್ರು?"

"ಯಾವ ಹೆಸರು?"

ಅವಳು ನಾಲಿಗೆ ಕಚ್ಚಿಕೊಂಡಳು. ಚಿಕ್ಕಮ್ಮ ಹಾಲು ತರಬೇಕು ಅಂತ ನೆನಪು ಮಾಡಿಕೊಂಡು ಎದ್ದು ಹೋದರು. ಹಾಲು ಮನೆಯಲ್ಲಿತ್ತು. ಆದರೂ ಹೋದರು.

ಇಬ್ಬರ ನಡುವೆ ಬಟ್ಟೆ ಹೊದ್ದ ಹಿಟ್ಟು. ಮಾಡಲು ಕೆಲಸವಿಲ್ಲ, ಬಯ್ಯಲು ಕಾರಣ ಸಿಗುತ್ತಿಲ್ಲ.

"ಅಷ್ಟು ಬಯ್ತಿದ್ದೆ," ಅಂದಳು ಕೊನೆಗೆ. "ಬೇರೆ ಗಿರಣಿಗೆ ಹೋಗಿ ಅಂತ ಯಾಕೆ ಹೇಳಲಿಲ್ಲ?"

"ಹೇಳ್ಬೇಕಿತ್ತು."

"ಮತ್ತೆ?"

"ಹೇಳಿದ್ರೆ ಹೋಗಿಬಿಡ್ತಿದ್ರಲ್ಲ," ಅವನು ಗಡಿಯಾರ ನೋಡುತ್ತಾ ಹೇಳಿದ. "ವಾರದಲ್ಲಿ ಆರು ದಿನ ಗಿರಣಿಗೆ ಬರೀ ಗಿರಾಕಿಗಳು ಬರ್ತಾರೆ. ಸೋಮವಾರ ಒಂದು ದಿನ ನೀವು ಬರ್ತೀರಿ."

ಅವಳು ಪರಾತದ ಮೇಲಿನ ಬಟ್ಟೆಯ ಅಂಚು ಸರಿಮಾಡಿದಳು. ಇವನನ್ನು ಬಯ್ಯುವುದು ಎಷ್ಟು ಸುಲಭವಿತ್ತು!

"ಅರ್ಧ ಗಂಟೆ ಆಯ್ತು," ಅಂತ ಎದ್ದಳು.

"ಇನ್ನೂ ಐದು ನಿಮಿಷ ಇದೆ. ಕೂತ್ಕೊಳ್ಳಿ." ಅವನ ದನಿ ತಗ್ಗಿತು. "ಇವತ್ತು ಡಬ್ಬಿ ವಾಪಸ್ ಬಂದ್ರೆ ನನ್ನ ಮುಖ ನೋಡ್ಬೇಡಿ, ಒಪ್ತೀನಿ. ಬರದಿದ್ರೆ... ಬಯ್ಯೋಕೆ ಕಾರಣ ಇಲ್ದಿದ್ರೂ ಗಿರಣಿಗೆ ಬರ್ತೀರಾ?"

ಅವಳು ಬಟ್ಟೆ ಸರಿಸಿ ಹಿಟ್ಟನ್ನು ಬೆರಳಿಂದ ಒತ್ತಿದಳು. ಗುಳಿ ಬಿದ್ದು ಹಾಗೇ ನಿಂತಿತು. ಕಿವಿಯ ಹಾಲೆಯಷ್ಟು ಮೆತ್ತಗಿತ್ತು.

ಹಾಲಿಲ್ಲದೆ ವಾಪಸ್ ಬಂದ ಚಿಕ್ಕಮ್ಮ ಉಂಡೆ ಕಟ್ಟಿದರು, ಅವಳು ಲಟ್ಟಿಸಿದಳು. ಒಣಹಿಟ್ಟು ಚಿಟಿಕೆಯಷ್ಟೇ ಸಾಕಾಯಿತು. ಚಪಾತಿ ಹಿಂದಕ್ಕೆ ಎಳೆಯಲಿಲ್ಲ, ಹೇಳಿದ ಮಾತು ಕೇಳಿತು. ಚೆನ್ನಾಗಿ ಕಾದ ತವಾದ ಮೇಲೆ ಸಣ್ಣ ಗುಳ್ಳೆ ಎದ್ದ ತಕ್ಷಣ ಮಗುಚಿದಳು. ಪುಸ್ ಅಂತ ಉಬ್ಬಿತು. ಡಬ್ಬಿಗೆ ಬಟ್ಟೆ ಹಾಸಿ ಒಂದರ ಮೇಲೊಂದು ಪೇರಿಸಿದಳು. ಮೊದಲ ಹತ್ತು ಬೇಯುವುದನ್ನು ನೋಡಿ ಅವನು ಗಿರಣಿ ತೆಗೆಯಲು ಹೊರಟುಹೋದ. ಹೋಗುವಾಗ ತಿರುಗಿ ನೋಡಿದ. ಅವಳು ನೋಡಲಿಲ್ಲ ಅನ್ನುವ ಹಾಗೆ ನೋಡಿದಳು.

*

ಮಧ್ಯಾಹ್ನ ಒಂದೂವರೆಗೆ ಮೇಲ್ವಿಚಾರಕಿ ತಾವೇ ಡಬ್ಬಿ ಹಿಡಿದು ಬಂದರು. ಅವಳು ಕೈ ಚಾಚಿದಳು. ಕೈಗೆ ತೆಗೆದುಕೊಂಡಾಗಲೇ ಗೊತ್ತಾಯಿತು. ಡಬ್ಬಿ ಹಗುರವಾಗಿತ್ತು.

"ಮೇಷ್ಟ್ರು ನಾಲ್ಕನೇದು ಕೇಳಿದ್ರು. ಕೊಡೋಕೆ ಇರಲಿಲ್ಲ ಕಣಮ್ಮ," ಅಂದರು ಅವರು. ಆಮೇಲೆ ಅವಳ ಕೆನ್ನೆ ಮುಟ್ಟಿ, "ನಿಮ್ಮಮ್ಮ ಬಂದು ಬಡಿಸಿ ಹೋದ ಹಾಗಿತ್ತು. ಸೋಮವಾರ ತಪ್ಪದೆ ಕಳಿಸು," ಅಂದರು.

ಅವಳು ಚಪ್ಪಲಿ ಮೆಟ್ಟಿದ್ದೊಂದೇ ನೆನಪು. ಖಾಲಿ ಡಬ್ಬಿ ಎದೆಗವಚಿಕೊಂಡು ಬೀದಿಯಲ್ಲಿ ಓಡಿದಳು. ಸೀರೆ ಹಳೆಯದು, ಮುಖದಲ್ಲಿ ಇನ್ನೂ ಹಿಟ್ಟು.

ಗಿರಣಿ ಗುಡುಗುತ್ತಿತ್ತು. ಸಾಲಿನಲ್ಲಿ ಆರು ಜನ. ಮೂಲೆಯ ಸ್ಟೂಲಿನ ಮೇಲೆ ಇವತ್ತು ಮುದುಕರೂ ಬಂದು ಕೂತಿದ್ದರು, ಕಲ್ಲು ಎಷ್ಟು ಸಡಿಲವಿದೆ ಅಂತ ಕಣ್ಣಲ್ಲೇ ಅಳೆಯುತ್ತಾ.

"ಡಬ್ಬಿ ಖಾಲಿ!" ಅಂತ ಕೂಗಿದಳು.

"ಏನು?" ಬಿಳಿಹುಬ್ಬು ಮತ್ತೆ ಬಿಳಿಯಾಗಿತ್ತು.

"ಡಬ್ಬಿ! ಡಬ್ಬಿ!"

"ತೂತಾ?"

ಅಯ್ಯೋ ಕರ್ಮವೇ! ಅವಳು ಇದ್ದಷ್ಟೂ ಉಸಿರು ಎಳೆದುಕೊಂಡು ಕೂಗಿದಳು. "ಬರ್ತೀರಾ ಅಂತ ಕೇಳಿದ್ರಲ್ಲ! ಬಯ್ಯೋಕೆ ಕಾರಣ ಇಲ್ದಿದ್ರೂ ಬರ್ತೀನಿ! ನೀವು ಎಷ್ಟೇ..."

ಕೇಳಿಸಲಿ ಅಂತ ಅವನು ಸ್ವಿಚ್ ಆರಿಸಿದ. ಬೆಲ್ಟು ನಿಂತಿತು, ಗಿರಣಿ ಮೌನವಾಯಿತು. ಅವಳ ಬಾಯಿ ಮಾತ್ರ ನಿಲ್ಲಲಿಲ್ಲ.

"...ಬಿಟ್ಟುಬಿಡಿ ಅಂದ್ರೂ ನಾನು ನಿಮ್ಮನ್ನ ಬಿಡಲ್ಲ!"

ಮಾತು ಗೋಡೆಗೆ ಹೊಡೆದು ವಾಪಸ್ ಬಂತು. ಆರು ಜನ ಆರು ಚೀಲ ಹಿಡಿದು ಅವಳನ್ನೇ ನೋಡಿದರು. ಯಾರೋ ಒಬ್ಬರ ಕೈಯಿಂದ ಪಾತ್ರೆ ಜಾರಿ ಠಣ್ ಅಂತ ಬಿತ್ತು. ಅವಳು ಡಬ್ಬಿಯ ಮುಚ್ಚಳದಿಂದ ಮುಖ ಮುಚ್ಚಿಕೊಂಡಳು.

ಅವನು ಹತ್ತಿರ ಬಂದು ಮುಚ್ಚಳ ಸರಿಸಿದ.

"ಸರಿಯಾಗಿ ಕೇಳಿಸಲಿಲ್ಲ. ಇನ್ನೊಂದ್ಸಲ ಹೇಳಿ."

"ಸುಳ್ಳು! ಎಲ್ಲಾ ಕೇಳಿಸಿದೆ ನಿಮಗೆ."

"ಕೇಳಿಸ್ತು," ಅವನ ಕಣ್ಣು ತುಂಬಿತ್ತು. "ನಾನೂ ಬಿಡಲ್ಲ ಕಣ್ರೀ. ಮೊದಲ ಸೋಮವಾರದಿಂದ್ಲೂ ಬಿಡೋ ಮನಸ್ಸಿರಲಿಲ್ಲ."

ಮೂಲೆಯಿಂದ ಮುದುಕರು ಕೂಗಿದರು. "ಏನೋ ಅದು? ಏನು ಬೇಕಂತೋ ಆ ಹುಡುಗೀಗೆ?"

ಅವನು ಅವಳ ಮುಖದಿಂದ ಕಣ್ಣು ಕೀಳದೆ ಗಟ್ಟಿಯಾಗಿ ಕೂಗಿ ಹೇಳಿದ. "ಮಾಮೂಲಿ ಅಂತೆ, ಅಪ್ಪ!"

"ಹಾಗಾದ್ರೆ ಅವಸರ ಮಾಡಬೇಡ," ಅಂದರು ಮುದುಕರು. "ಆರೋಕೆ ಬಿಡು."

ಸಾಲಿನಲ್ಲಿದ್ದವರೆಲ್ಲ ಗೊಳ್ಳೆಂದು ನಕ್ಕರು. ಅವಳೂ ನಕ್ಕಳು, ಕೆಂಪು ಮೂಗಿನ ಮೇಲೆ ಕಣ್ಣೀರು ಇಳಿಯುತ್ತಿದ್ದರೂ.

"ಎಷ್ಟು ಹೊತ್ತು?" ಅಂತ ಅವನನ್ನು ಕೇಳಿದಳು ಮೆಲ್ಲಗೆ.

"ಅರ್ಧ ಗಂಟೆ."

ಅವನು ತನ್ನ ಸ್ಟೂಲನ್ನು ಟವಲ್ಲಿನಿಂದ ಒರೆಸಿ ಅವಳ ಕಡೆ ಸರಿಸಿದ. ಈ ಸಲ ಅವಳು ಗಡಿಯಾರ ನೋಡದೆ ಕುಳಿತಳು.